ಚನ್ನಪಟ್ಟಣದ ಗೊಂಬೆ ಯಾಕೆ ಯಾವಾಗ್ಲೂ ಗುಂಡಗಿರುತ್ತೆ?

ಹೋದ ಸೆಮಿಸ್ಟರ್ ವರ್ಕ್‌ಶಾಪ್ ಲ್ಯಾಬಲ್ಲಿ ಲೇಥ್ ಮುಂದೆ ನಿಂತಿದ್ದಾಗ ನನಗೆ ನೆನಪಾಗಿದ್ದು ಅಜ್ಜಿ ಮನೆ ಶೋಕೇಸಿನ ಮರದ ಗೊಂಬೆ ಜೋಡಿ. ತಲೆ ಗುಂಡು, ಹೊಟ್ಟೆ ಗುಂಡು, ಟೋಪಿನೂ ಗುಂಡು. ಚಿಕ್ಕವಳಿದ್ದಾಗ ಚಂದ ಕಾಣಲಿ ಅಂತ ಹಾಗೆ ಮಾಡಿದ್ದಾರೆ ಅಂದ್ಕೊಂಡಿದ್ದೆ. ನಿಜವಾದ ಕಾರಣ ಲೇಥ್! ತಿರುಗುತ್ತಿರುವ ಮರಕ್ಕೆ ಉಳಿ ಹಿಡಿದರೆ ದುಂಡನೆಯ ಆಕಾರ ಬಿಟ್ಟು ಬೇರೇನೂ ಬರಲ್ಲ. ಕಿವಿ, ಕೈ, ಚಕ್ರ ಬೇಕಂದ್ರೆ ಬೇರೆ ಬೇರೆಯಾಗಿ ಕಡೆದು ಜೋಡಿಸಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಕೆತ್ತಿ ಬಣ್ಣ ಬಳಿಯುತ್ತಾರೆ, ಅದಕ್ಕೇ ಅವುಗಳಿಗೆ ಚೂಪು ಮೂಗು, ಬೆರಳು ಎಲ್ಲಾ ಇರುತ್ತೆ.

ಈ ಕಲೆಯನ್ನು ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳಿಂದ ಕಲಿಸಿದ ಅಂತ ಹೇಳ್ತಾರೆ. 20ನೇ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾನ್ ಅನ್ನೋರು ಜಪಾನಿನ ವಿಧಾನಗಳನ್ನು ತಂದು ಅದನ್ನು ಬೆಳೆಸಿದರು. ಜಿಐ ಟ್ಯಾಗ್ ಕೂಡ ಇದೆ. ಇತಿಹಾಸ ಇಷ್ಟು ಸಾಕು, ನನಗೆ ಇಷ್ಟವಾಗಿದ್ದು ಬಣ್ಣದ ವಿಷಯ.

ಮರ ಸಾಮಾನ್ಯವಾಗಿ ಆಲೆ ಮರ. ಬೆಳ್ಳಗೆ, ಮೆತ್ತಗೆ, ಎಳೆ ನುಣುಪು. ಚೆನ್ನಾಗಿ ಒಣಗಿಸಿ, ಲೇಥಿಗೆ ಹಾಕಿ ಕಡೆಯುತ್ತಾರೆ. ಆಮೇಲೆ ಬ್ರಷ್ ಇಲ್ಲ, ಡಬ್ಬಿ ಇಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಗೊಂಬೆಗೆ ಒತ್ತಿ ಹಿಡೀತಾರೆ ಅಷ್ಟೇ. (ಹೌದು, ಪಾಂಡವರ ಅರಗಿನ ಮನೆಯ ಅರಗೇ. ಒಂದು ಜಾತಿಯ ಹುಳ ಮರದ ಕೊಂಬೆ ಮೇಲೆ ಬಿಡೋ ಅಂಟು.) ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ, ತಣ್ಣಗಾದ ತಕ್ಷಣ ಗಟ್ಟಿಯಾಗುತ್ತೆ. ಪೇಂಟಿನ ಥರ ಒಣಗೋಕೆ ಕಾಯೋ ಪ್ರಶ್ನೆಯೇ ಇಲ್ಲ. ಆಮೇಲೆ ಒಣ ತಾಳೆಗರಿ ಒತ್ತಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತೆ. ನಾವು ಪರೀಕ್ಷೆಯಲ್ಲಿ ‘ಘರ್ಷಣೆಯಿಂದ ಶಕ್ತಿ ನಷ್ಟ’ ಅಂತ ಬರೀತೀವಲ್ಲ, ಇಲ್ಲಿ ಆ ನಷ್ಟವೇ ಕೆಲಸ ಮಾಡೋದು.

ಅರಗಿನ ಇನ್ನೊಂದು ಗುಣ ನನಗೆ ಗೊತ್ತಾಗಿದ್ದು ಬೈಸಿಕೊಂಡ ಮೇಲೆ. ಅಜ್ಜಿಯ ಗೊಂಬೆ ಧೂಳು ಹಿಡಿದಿತ್ತು ಅಂತ ಸ್ಯಾನಿಟೈಸರ್ ಹಾಕಿ ಒರೆಸಿದೆ. ಬಟ್ಟೆಯೆಲ್ಲ ಕೆಂಪು! ಅರಗು ಆಲ್ಕೋಹಾಲಲ್ಲಿ ಕರಗುತ್ತೆ. ಆ ಗೊಂಬೆಯ ಒಂದು ಕೆನ್ನೆ ಇವತ್ತಿಗೂ ಮಂಕು. ಹಾಗಾಗಿ ಒಣ ಬಟ್ಟೆ ಸಾಕು. ನೀರಲ್ಲಿ ನೆನೆಸಬೇಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಲೂಬೇಡಿ.

ಕೊಳ್ಳುವಾಗ ಬುಡ ತಿರುಗಿಸಿ ನೋಡಿ, ಬಣ್ಣವಿಲ್ಲದ ಜಾಗದಲ್ಲಿ ಬಿಳಿ ಮರ ಕಾಣಬೇಕು. ಕಣ್ಣು, ಮೀಸೆ ಬಿಟ್ಟು ಬೇರೆ ಕಡೆ ಬ್ರಷ್ ಗೆರೆ ಕಂಡರೆ ಅನುಮಾನ ಪಡಿ. ಅರಿಶಿನದಂಥ ಗಿಡಮೂಲದ ಬಣ್ಣ ಎಲ್ಲರೂ ಹಾಕಲ್ಲ, ಬಾಯಿಗೆ ಹಾಕ್ಕೊಳ್ಳೋ ಮಗುವಿಗೆ ಕೊಡೋದಾದ್ರೆ ಕೇಳಿ ತಗೊಳ್ಳಿ. ಹಾಸ್ಟೆಲ್ ಟೇಬಲ್ಲಿಗೆ ಪೆನ್ ಸ್ಟ್ಯಾಂಡ್, ಬುಗುರಿ ಚೆನ್ನಾಗಿರುತ್ತೆ. ಅಮ್ಮನಿಗೆ ಬಳೆ ಅಥವಾ ಕುಂಕುಮದ ಭರಣಿ.

ಎಲ್ಲಿ ಸಿಗುತ್ತೆ ಅಂತೀರಾ? ಮೊದಲು ಮೈಸೂರಿಗೆ ಹೋಗೋ ಪ್ರತಿ ಬಸ್ಸೂ ಚನ್ನಪಟ್ಟಣದ ಅಂಗಡಿಗಳ ಮುಂದೆಯೇ ಹಾದುಹೋಗ್ತಿತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದು ಊರನ್ನು ಬೈಪಾಸ್ ಮಾಡಿತು. ನಮಗೆ ಸಮಯ ಉಳಿಯಿತು, ರಸ್ತೆ ಬದಿಯ ಅಂಗಡಿಯವರಿಗೆ ಗಿರಾಕಿ ಕಮ್ಮಿಯಾದರು. ಈಗ ಅಲ್ಲಿಗೆ ಬೇಕು ಅಂತಲೇ ಹೋಗಬೇಕು. ಬೆಂಗಳೂರಿಂದ ಸುಮಾರು 60 ಕಿ.ಮೀ., ರೈಲೂ ನಿಲ್ಲುತ್ತೆ.

ನಮ್ಮ ಕ್ಲಬ್ಬಿನ ಅತಿಥಿಗಳಿಗೆ ಪ್ರತಿ ವರ್ಷ ಅದೇ ಅಕ್ರಿಲಿಕ್ ಮೆಮೆಂಟೊ ಕೊಡ್ತೀವಿ. ಈ ರಾಜ್ಯೋತ್ಸವಕ್ಕೆ ಗೊಂಬೆ ಕೊಡೋಣ ಅಂತ ಮೀಟಿಂಗಲ್ಲಿ ಹೇಳಿದೆ. ‘ಸರಿ, ತರೋದು ಯಾರು?’ ಅಂದ್ರು. ನಾನು ಶನಿವಾರ ಹೊರಟಿದ್ದೀನಿ, ಬ್ಯಾಗ್ ಹಿಡ್ಕೊಳ್ಳೋಕೆ ಇನ್ನಿಬ್ಬರು ಬೇಕು.