ಬೇಳೆಯ ಕಾಫಿ, ತುಟಿಗೆ ಬಣ್ಣ

ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರಿಲ್ಲ. ಗ್ಯಾಸೂ ಮುಗಿದಿದೆ, ಕರೆಂಟೂ ಹೋಗಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ನೆಂಟರು! ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನಂತೂ ಎರಡು ದಿನ ನೀರು ಬಾರದಿದ್ದರೆ ಮನೆಮಂದಿಯ ಮೇಲೆಲ್ಲ ರೇಗಾಡುವವಳು. ಇಂಥದರಲ್ಲೇ ಸುಮಾರು ನಾಲ್ಕು ವರ್ಷ ಸಂಸಾರ ತೂಗಿಸಿದ ಹೆಂಗಸರ ವಿಷಯ ಓದಿದ ಮೇಲೆ ಸ್ವಲ್ಪ ತೆಪ್ಪಗಾಗಿದ್ದೇನೆ.

ಆ ಊರು ಸರಾಯೆವೊ, ಯೂರೋಪಿನ ಬೋಸ್ನಿಯಾ ದೇಶದ ರಾಜಧಾನಿ. ಸುತ್ತಲೂ ಬೆಟ್ಟ, ನಡುವೆ ಊರು. 1984ರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದದ್ದು ಅಲ್ಲಿಯೇ. ಮುಸ್ಲಿಮರು, ಸರ್ಬರು, ಕ್ರೊಯೇಟರು ಒಂದೇ ಕಟ್ಟಡದಲ್ಲಿ ಅಕ್ಕಪಕ್ಕ ಸಂಸಾರ ಮಾಡಿದವರು. ಒಬ್ಬರ ಮನೆಯ ಹೆಣ್ಣು ಇನ್ನೊಬ್ಬರ ಮನೆಗೆ ಸೊಸೆಯಾಗಿ ಹೋದದ್ದೂ ಉಂಟು. ನೆರೆಹೊರೆಯ ಈ ಬಳಕೆಗೆ ಅವರು ‘ಕೊಮ್ಶಿಲುಕ್’ ಅನ್ನುತ್ತಾರೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಕಾಫಿ. ಉದ್ದ ಹಿಡಿಯ ಪುಟ್ಟ ತಾಮ್ರದ ಪಾತ್ರೆಯಲ್ಲಿ ಗಟ್ಟಿಯಾಗಿ ಕಾಸಿ, ಬಟ್ಟಲಿಗೆ ಬಗ್ಗಿಸಿ, ನಿಧಾನವಾಗಿ ಹರಟುತ್ತಾ ಕುಡಿಯಬೇಕು.

ಯುಗೊಸ್ಲಾವಿಯಾ ಒಡೆಯಿತು. 1992ರಲ್ಲಿ ಬೋಸ್ನಿಯಾ ಸ್ವತಂತ್ರವಾಯಿತು. ಅದನ್ನು ಒಪ್ಪದ ಬೋಸ್ನಿಯಾ ಸರ್ಬರ ಪಡೆ ಏಪ್ರಿಲ್‌ನಲ್ಲಿ ಬೆಟ್ಟಗಳ ಮೇಲೆ ಫಿರಂಗಿ ಇಟ್ಟು ಊರನ್ನು ಸುತ್ತುಗಟ್ಟಿತು. ಮುತ್ತಿಗೆ ಮುಗಿದದ್ದು 1996ರ ಫೆಬ್ರವರಿ 29ಕ್ಕೆ. ಲೆಕ್ಕ ಹಾಕಿದರೆ 1,425 ದಿನ!

ಹೆಂಗಸರು ಏನು ಮಾಡಿದರು ಅಂತ ಕೇಳಿ. ಬಿಯರ್ ಕಾರ್ಖಾನೆಯ ಬುಗ್ಗೆ ನೀರಿಗೆ ಡಬ್ಬ ಹಿಡಿದು ಸಾಲು ನಿಂತರು. ಆ ಸಾಲಿನ ಮೇಲೂ ಷೆಲ್ ಬಿದ್ದದ್ದುಂಟು. ಸೌದೆಗೆ ಉದ್ಯಾನದ ಮರಗಳು ಹೋದವು. ಆಮೇಲೆ ಕುರ್ಚಿ, ಹಳೇ ಬೂಟು, ಪುಸ್ತಕ ಒಲೆಗೆ ಹೋದವು. ಬಾಲ್ಕನಿಯಲ್ಲಿ ತರಕಾರಿ ಬೆಳೆದರು. ಪರಿಹಾರದಲ್ಲಿ ಬರುತ್ತಿದ್ದುದು ಅಕ್ಕಿ, ಬೇಳೆ, ಹಾಲಿನ ಪುಡಿ, ಡಬ್ಬಿ ಮಾಂಸ. ಹಾಲಿನ ಪುಡಿಯಲ್ಲೇ ಚೀಸು ಮಾಡಿದರು. ಕಾಫಿಬೀಜ ಸಿಗದಾಗ ಬೇಳೆ ಹುರಿದು ಪುಡಿ ಮಾಡಿ ‘ಕಾಫಿ’ ಕಾಸಿದರು. ರುಚಿ ಹೇಗಿತ್ತೋ, ಊಹಿಸಿಕೊಳ್ಳಿ. ಆದರೂ ಪಕ್ಕದ ಮನೆಯವರನ್ನು ಕರೆಯದೆ ಕುಡಿದರೆ ಅದು ಕಾಫಿಯೇ?

ನೆರೆಹೊರೆ ಮುರಿಯಲೇ ಇಲ್ಲ ಅಂದರೆ ಸುಳ್ಳಾದೀತು. ನಿನ್ನೆಯವರೆಗೆ ಜೊತೆಗಿದ್ದವರೇ ಬೆಟ್ಟ ಹತ್ತಿ ಊರಿನತ್ತ ಬಂದೂಕು ತಿರುಗಿಸಿದ್ದುಂಟು. ಆದರೆ ಸಾವಿರಾರು ಸರ್ಬರು ಊರಲ್ಲೇ ಉಳಿದು ಅದೇ ಷೆಲ್ಲಿಗೆ ತಲೆ ಒಡ್ಡಿದರು. ಊರನ್ನು ಕಾಯ್ದ ಸೇನಾನಿಗಳಲ್ಲಿ ಒಬ್ಬರಾದ ಯೊವಾನ್ ದಿವ್ಯಾಕ್ ಕೂಡ ಸರ್ಬರೇ. ಯುದ್ಧದ ನಂತರ ತಬ್ಬಲಿ ಮಕ್ಕಳನ್ನು ಓದಿಸುವುದರಲ್ಲೇ ಅವರು ಉಳಿದ ಆಯುಸ್ಸು ಕಳೆದರು.

1992ರ ಮೇ 27ರಂದು ಬ್ರೆಡ್ಡಿಗೆ ನಿಂತಿದ್ದ ಸಾಲಿನ ಮೇಲೆ ಷೆಲ್ ಬಿದ್ದು 20ಕ್ಕೂ ಹೆಚ್ಚು ಜನ ಸತ್ತರು. ವೆದ್ರಾನ್ ಸ್ಮೈಲೊವಿಚ್ ಎಂಬ ಕಲಾವಿದ ಕಛೇರಿಗೆ ತೊಡುವ ಕರಿ ಕೋಟು ತೊಟ್ಟು, ಪಿಟೀಲಿಗೆ ದೊಡ್ಡಣ್ಣನಂತಿರುವ ಚೆಲ್ಲೋ ವಾದ್ಯವನ್ನು ಆ ಅವಶೇಷಗಳ ನಡುವೆ ಕೂತು ನುಡಿಸಿದ.

ನನಗೆ ಇನ್ನೂ ಇಷ್ಟವಾದದ್ದು ಬೇರೆಯದೇ. ಕನ್ನಡಿ ಮುಂದೆ ನಿಂತು ತಲೆ ಬಾಚಿ, ತುಟಿಗೆ ಬಣ್ಣ ಹಚ್ಚಿ, ಇಸ್ತ್ರಿಯಿಲ್ಲದಿದ್ದರೂ ಒಳ್ಳೇ ಬಟ್ಟೆ ಉಟ್ಟೇ ಹೊರಡುತ್ತಿದ್ದರಂತೆ, ಗುಂಡು ಹಾರುವ ಬೀದಿಗೆ! ಶೋಕಿ ಅನ್ನಬೇಡಿ. ನಮ್ಮನ್ನು ಇಲಿಗಳ ಹಾಗೆ ಬದುಕಿಸಲು ನಿಮ್ಮಿಂದಾಗದು ಅಂತ ಬೆಟ್ಟದ ಮೇಲಿದ್ದವರಿಗೆ ಕೊಟ್ಟ ಉತ್ತರ ಅದು. 1993ರ ಮೇ ತಿಂಗಳಲ್ಲಿ ನೆಲಮಾಳಿಗೆಯೊಂದರಲ್ಲಿ ಸೌಂದರ್ಯ ಸ್ಪರ್ಧೆಯನ್ನೇ ನಡೆಸಿದರು. ಹುಡುಗಿಯರು ವೇದಿಕೆಯ ಮೇಲೆ ಎತ್ತಿ ಹಿಡಿದ ಬಟ್ಟೆಯ ಮೇಲೆ, ನಮ್ಮನ್ನು ಕೊಲ್ಲಲು ಬಿಡಬೇಡಿ ಅಂತ ಜಗತ್ತಿಗೆ ಮೊರೆ ಇತ್ತು. ಗೆದ್ದ ಇನೆಲಾ ನೊಗಿಚ್‌ಗೆ ಆಗ ಬರೀ 17 ವರ್ಷ.

ಇಷ್ಟಾದರೂ ಹೋದವರು ಹೋದರು. ಮುತ್ತಿಗೆ ಶುರುವಾಗಿ ಇಪ್ಪತ್ತು ವರ್ಷ ತುಂಬಿದ 2012ರ ಏಪ್ರಿಲ್ 6ರಂದು ಮುಖ್ಯ ಬೀದಿಯುದ್ದಕ್ಕೂ 11,541 ಕೆಂಪು ಕುರ್ಚಿ ಸಾಲಾಗಿ ಇಟ್ಟರು, ಸತ್ತವರಿಗೆ ತಲೆಗೊಂದು. ಅದರಲ್ಲಿ ನೂರಾರು ಪುಟಾಣಿ ಕುರ್ಚಿಗಳು. ದಾರಿಹೋಕರು ಅವುಗಳ ಮೇಲೆ ಗೊಂಬೆ ಇಟ್ಟು ಹೋದರು.

ಆ ಡಬ್ಬಿ ಮಾಂಸ ಇತ್ತಲ್ಲ, ಅದನ್ನು ಕಂಡರೆ ಊರಿಗೆ ಊರೇ ಮುಖ ಸಿಂಡರಿಸುತ್ತಿತ್ತಂತೆ. 2007ರಲ್ಲಿ ಅದಕ್ಕೂ ಒಂದು ಸ್ಮಾರಕ ಎದ್ದಿತು: ದೊಡ್ಡದೊಂದು ಡಬ್ಬಿ! ನೋಡುತ್ತಾ ಕೂತಿದ್ದ ದೊಡ್ಡ ದೊಡ್ಡ ದೇಶಗಳಿಗೆ ‘ಕೃತಜ್ಞ’ ನಾಗರಿಕರ ಕಾಣಿಕೆ ಅಂತ ಅದರ ಕೆಳಗೆ ಕೆತ್ತಿಸಿದ್ದಾರೆ.