ಗಡಿಯಾರ ನೋಡಿ ಕಡಲಿಗಿಳಿಯುವವರು

ವಿದ್ಯಾರ್ಥಿಯಾಗಿಯೋ ಉದ್ಯೋಗಿಯಾಗಿಯೋ ಹೊಸದಾಗಿ ಲಂಡನ್ ನಗರವನ್ನು ಸೇರಿದ ನಮ್ಮ ತರುಣರು ತಮ್ಮ ಮೊದಮೊದಲ ವಾರಾಂತ್ಯಗಳನ್ನು ಕಳೆಯುವ ಕ್ರಮ ಬಹುಮಟ್ಟಿಗೆ ನಿಶ್ಚಿತವಾದದ್ದು: ಶನಿವಾರ ಬಗೆಬಗೆಯ ಭೋಜನಾಲಯಗಳ ದರ್ಶನ, ಭಾನುವಾರ ವಿಕ್ಟೋರಿಯಾ ನಿಲ್ದಾಣದಲ್ಲಿ ರೈಲು ಹತ್ತಿ, ಸುಮಾರು ಒಂದು ಗಂಟೆಯ ಪ್ರಯಾಣದ ಕೊನೆಗೆ ಬ್ರೈಟನ್ನಿನ ಸಮುದ್ರತೀರ. ಈ ಎರಡು ದಿನಗಳಲ್ಲಿ ಅವರ ಕಿವಿಗೆ ಬಿದ್ದು, ಅವರ ಬಾಯಿಂದ ಊರಿನವರ ಕಿವಿಗೂ ದಾಟುವ ಅಪಸಿದ್ಧಾಂತಗಳು ಅಲ್ಪಸಂಖ್ಯೆಯವಲ್ಲ. ಆದರೆ ಬಹುಪಾಲು ನಿರಪಾಯಕರವಾದವು, ಒಂದೊಂದು ಮಾತಿನಲ್ಲಿ ಬೀಳ್ಕೊಡಬಹುದಾದವು.

ಲಂಡನ್ನಿನಲ್ಲಿ ಮಳೆಗೆ ಬಿಡುವೇ ಇಲ್ಲವೆನ್ನುತ್ತಾರೆ. ವರ್ಷವಿಡೀ ಅಲ್ಲಿ ಬೀಳುವುದು ಸುಮಾರು 600 ಮಿಲಿಮೀಟರು, ಹೀಗೆನ್ನುವವರು ಬಿಟ್ಟುಬಂದ ಬೆಂಗಳೂರಿನಲ್ಲಿ 900ಕ್ಕೂ ಮಿಕ್ಕು. ಮೀನು-ಚಿಪ್ಸು ಆಂಗ್ಲರ ಸನಾತನ ಆಹಾರವೆನ್ನುತ್ತಾರೆ. ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿಯುವ ಪದ್ಧತಿ ಸ್ಪೇನ್-ಪೋರ್ಚುಗಲ್‌ಗಳಿಂದ ಬಂದ ಯೆಹೂದ್ಯರದು, ಆಲೂಗಡ್ಡೆ ದಕ್ಷಿಣ ಅಮೆರಿಕದ್ದು, ಇವೆರಡೂ ಒಂದೇ ಅಂಗಡಿಯಲ್ಲಿ ಕೂಡಿದ್ದು 1860ರ ಆಸುಪಾಸಿನಲ್ಲಿ. ಆ ದೇಶದ ಮೊತ್ತಮೊದಲ ಭಾರತೀಯ ಭೋಜನಾಲಯ 1926ರ ವೀರಸ್ವಾಮಿ ಎನ್ನುತ್ತಾರೆ. ಅದು ಉಳಿದುಬಂದವುಗಳಲ್ಲಿ ಹಿರಿಯದು, ಅಷ್ಟೆ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಎಂಬಾತ 1810ರಲ್ಲಿಯೇ ಲಂಡನ್ನಿನಲ್ಲಿ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದು, ಎರಡೇ ವರ್ಷದಲ್ಲಿ ದಿವಾಳಿಯೆದ್ದು, ಬ್ರೈಟನ್ನಿಗೆ ಹೋಗಿ ಅಭ್ಯಂಜನಗೃಹವನ್ನು ನಡೆಸಿ, ಇಬ್ಬರು ದೊರೆಗಳ ಮೈಯೊತ್ತುವ ಯೋಗವನ್ನು ಸಂಪಾದಿಸಿದನು.

ಇವುಗಳಿಂದ ಯಾರ ಪ್ರಾಣಕ್ಕೂ ಕುತ್ತಿಲ್ಲ. ನನ್ನ ಸಹನೆಯನ್ನು ಕೆಡಿಸುವ ನಂಬಿಕೆಯೇ ಬೇರೆ. ಉಂಡು ಒಂದು ಗಂಟೆ ಕಳೆಯುವ ಮುನ್ನ ನೀರಿಗಿಳಿಯಬಾರದು, ಇಳಿದರೆ ರಕ್ತವೆಲ್ಲ ಜಠರಕ್ಕೆ ಹರಿದು, ಕೈಕಾಲುಗಳು ಸೆಳೆದುಕೊಂಡು, ಎಂಥ ಈಜುಗಾರನೂ ಮುಳುಗುತ್ತಾನೆಂಬುದು ಅದರ ಸ್ವರೂಪ. ಕಡಲದಂಡೆಯ ಮೇಲೆ ಮೀನು-ಚಿಪ್ಸನ್ನು ಮುಗಿಸಿ, ಮಣಿಕಟ್ಟಿನ ಗಡಿಯಾರವನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತ, ಗಂಟೆ ತುಂಬಿದೊಡನೆ ನಿಶ್ಚಿಂತರಾಗಿ ಅಲೆಗಳತ್ತ ಓಡುವ ಸುಶಿಕ್ಷಿತರನ್ನು ಕಂಡಾಗ ನಗಬೇಕೋ ಗದರಿಸಬೇಕೋ ತಿಳಿಯದಾಗುತ್ತದೆ.

ಈ ನಂಬಿಕೆಯ ದುರ್ದೈವವೆಂದರೆ ಇದಕ್ಕೆ ಎರಡು ದೇಶಗಳ ಸಾಕ್ಷಿ ದೊರೆತಿರುವುದು. ನಮ್ಮ ಮನೆಗಳಲ್ಲಿ ಹಿರಿಯರು ಉಂಡ ಮೇಲೆ ಸ್ನಾನ ಕೂಡದೆನ್ನುವರು. ಅಷ್ಟಾಂಗಹೃದಯವೂ ಸ್ನಾನ ಸಲ್ಲದವರ ಪಟ್ಟಿಯಲ್ಲಿ ಆಗತಾನೆ ಉಂಡವರನ್ನು ಸೇರಿಸಿದೆ. ಅತ್ತ ಇಂಗ್ಲೆಂಡಿನಲ್ಲಿ, ಬಾಲಚರ ಚಳವಳಿಯ ಮೂಲಪುರುಷರಾದ ಬೇಡನ್ ಪೊವೆಲ್ಲರು 1908ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಊಟವಾದ ಒಂದೂವರೆ ಗಂಟೆಯೊಳಗೆ ನೀರಿಗಿಳಿದರೆ ಸ್ನಾಯುಸೆಳೆತ ಬರುವ ಸಂಭವ ಬಹಳವೆಂದು ಬಾಲಕರನ್ನು ಎಚ್ಚರಿಸಿದರು. ಅಜ್ಜಿ ಹೇಳಿದ್ದನ್ನೇ ಆಂಗ್ಲನೂ ಹೇಳಿದನೆಂದರೆ ನಮ್ಮವರಿಗೆ ಬೇರೆ ಪ್ರಮಾಣವೇಕೆ? ಬಚ್ಚಲುಮನೆಯ ಅಭ್ಯಂಜನವನ್ನು ಕುರಿತ ವಿಧಿ ಒಂದು, ಸಮುದ್ರದ ಈಜನ್ನು ಕುರಿತ ಭೀತಿ ಇನ್ನೊಂದು, ಎಂಬ ಭೇದವನ್ನು ಗಮನಿಸುವ ತಾಳ್ಮೆಯಾದರೂ ಯಾರಿಗಿದೆ?

ಉಂಡಾಗ ಜಠರಕ್ಕೂ ಕರುಳಿಗೂ ರಕ್ತಸಂಚಾರ ಹೆಚ್ಚುವುದು ದಿಟ; ಆದರೆ ಅದರಿಂದ ಕೈಕಾಲುಗಳು ಬರಿದಾಗಿ ನಿಶ್ಚೇಷ್ಟಗೊಳ್ಳುವುದಿಲ್ಲ, ಏಕೆಂದರೆ ಹೃದಯವು ಆ ಅಧಿಕ ವೆಚ್ಚವನ್ನು ತನ್ನ ದುಡಿಮೆಯನ್ನು ಹೆಚ್ಚಿಸಿಯೇ ಭರಿಸುತ್ತದೆ. ಹಾಗಲ್ಲವಾಗಿದ್ದರೆ ಬುತ್ತಿ ಉಂಡೆದ್ದ ರೈತ ಗುದ್ದಲಿಯನ್ನೆತ್ತಲಾರದೆ ಹೋಗಬೇಕಾಗಿತ್ತು. ಭೂರಿಭೋಜನ ಮಾಡಿ ಈಜುವವನಿಗೆ ಹೊಟ್ಟೆ ಭಾರವೆನಿಸಬಹುದು, ಪಕ್ಕೆ ಹಿಡಿಯಬಹುದು, ವಾಕರಿಕೆ ಬಂದರೂ ಬರಬಹುದು. ಮೀನಖಂಡದ ಸೆಳೆತವಾದರೋ, ದಣಿದ ಸ್ನಾಯುವಿನ ದೋಷವಾದ್ದರಿಂದ, ಉಪವಾಸಿಯನ್ನೂ ಅಷ್ಟೇ ನಿಷ್ಪಕ್ಷಪಾತವಾಗಿ ಹಿಡಿಯುತ್ತದೆ. ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಯ ವೈಜ್ಞಾನಿಕ ಮಂಡಳಿ 2011ರಲ್ಲಿ ಈ ವಿಷಯದ ಬರಹಗಳನ್ನೆಲ್ಲ ಪರಿಶೀಲಿಸಿ, ಊಟಕ್ಕೂ ಮುಳುಗುವಿಕೆಗೂ ಸಂಬಂಧವನ್ನು ಸ್ಥಾಪಿಸುವ ಆಧಾರವಿಲ್ಲವೆಂದು ತೀರ್ಮಾನಿಸಿತು.

ಮಂಡಳಿಗಳ ಮಾತು ರುಚಿಸದವರು ಬ್ರೈಟನ್ನಿನೆದುರಿಗಿರುವ ಆ ಕಡಲ್ಗಾಲುವೆಯನ್ನೇ ಕೇಳಬಹುದು. 1875ರ ಆಗಸ್ಟಿನಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಮೊತ್ತಮೊದಲಿಗೆ ಅದನ್ನು ಈಜಿ ದಾಟಿದಾಗ, ಸುಮಾರು 22 ಗಂಟೆಗಳ ಆ ಸಾಹಸದ ನಡುನಡುವೆ ಮಾಂಸದ ಸಾರನ್ನೂ ಕಾಫಿಯನ್ನೂ, ಅನುಕರಣೀಯವಲ್ಲದ ಬ್ರಾಂದಿಯನ್ನೂ, ನೀರಿನಲ್ಲಿದ್ದಂತೆಯೇ ಸೇವಿಸಿದನು. 1958ರಲ್ಲಿ ಮಿಹಿರ್ ಸೇನ್, 1959ರಲ್ಲಿ ಆರತಿ ಸಹಾ ಅದನ್ನು ದಾಟಿ ಭಾರತಕ್ಕೆ ಕೀರ್ತಿ ತಂದರು. ಇಂದಿಗೂ ಆ ಕಾಲುವೆಯನ್ನು ದಾಟುವವರಿಗೆ ಜೊತೆಯ ದೋಣಿಯವರು ಆಗಾಗ ಆಹಾರವನ್ನು ನೀಡುತ್ತಲೇ ಇರುತ್ತಾರೆ. ತುತ್ತು ತುತ್ತಿಗೂ ಒಂದೊಂದು ಗಂಟೆ ದೋಣಿಯ ಮೇಲೆ ವಿಶ್ರಮಿಸಬೇಕೆಂದರೆ ಫ್ರಾನ್ಸಿನ ದಡವನ್ನು ಯಾವನೂ ಕಾಣಲಾರನು.

ಮಿಥ್ಯೆಯಾದರೇನು, ಒಂದು ಗಂಟೆ ಕುಳಿತರೆ ಕಳೆದುಕೊಳ್ಳುವುದೇನೆಂದು ಸೌಜನ್ಯಶೀಲರು ಕೇಳಬಹುದು. ಕಳೆದುಕೊಳ್ಳುವುದು ಎಚ್ಚರವನ್ನು. ಊಟದ ಗಂಟೆಯೊಳಗೆ ಅಪಾಯವೆಂಬ ನಂಬಿಕೆಯ ಬೆನ್ನಿಗೇ, ಗಂಟೆ ಕಳೆದರೆ ಅಪಾಯವಿಲ್ಲವೆಂಬ ಅನುಕ್ತವಾದ ಇನ್ನೊಂದು ನಂಬಿಕೆ ಅಂಟಿಕೊಂಡಿದೆ, ವಿಷವಿರುವುದು ಅದರಲ್ಲಿ. ಮಲ್ಪೆಯಲ್ಲೋ ಗೋಕರ್ಣದಲ್ಲೋ 28 ಡಿಗ್ರಿಯ ಆಸುಪಾಸಿನ ನೀರಿನಲ್ಲಿ ಮಿಂದು ಬೆಳೆದವನು, ಮೇ ತಿಂಗಳ ಬಿಸಿಲು ಹಿತವಾಗಿರುವುದನ್ನು ಕಂಡು, ಇಂಗ್ಲೆಂಡಿನ ಸಮುದ್ರವೂ ಬಿಸಿಲಿನಷ್ಟೇ ಸ್ನೇಹಪರವಾಗಿದ್ದೀತೆಂದು ಬಗೆಯುತ್ತಾನೆ. ಆ ತಿಂಗಳಲ್ಲಿ ಅದರ ಉಷ್ಣತೆ 12 ಡಿಗ್ರಿಯ ಸಮೀಪ. ನಡುಬೇಸಗೆಯ ಆಗಸ್ಟಿನಲ್ಲಿಯೂ 17-18ನ್ನು ಮೀರುವುದು ಅಪರೂಪ. 15 ಡಿಗ್ರಿಗಿಂತ ತಣ್ಣಗಿರುವ ನೀರಿಗೆ ಥಟ್ಟನೆ ಬಿದ್ದ ದೇಹವು, ಒಡೆಯನ ಅಪ್ಪಣೆಗೆ ಕಾಯದೆ, ಬಾಯಿ ತೆರೆದು ಒಮ್ಮೆಗೇ ಉಸಿರನ್ನೆಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮುಖ ನೀರಿನೊಳಗಿದ್ದರೆ ಒಳಹೋಗುವುದು ಗಾಳಿಯಲ್ಲ. ಅನಂತರ ಉಸಿರಾಟ ಲಂಗುಲಗಾಮಿಲ್ಲದೆ ಓಡುತ್ತದೆ, ರಕ್ತದೊತ್ತಡ ಏರುತ್ತದೆ, ಈಜು ಬಲ್ಲವನೂ ಈಜನ್ನು ಮರೆಯುತ್ತಾನೆ. ಈ ಶೀತಾಘಾತ ಒಂದೆರಡು ನಿಮಿಷಗಳಲ್ಲಿ ತಾನಾಗಿ ಇಳಿಯುವಂಥದು. ಆದುದರಿಂದಲೇ, 1824ರಿಂದ ಆ ತೀರಗಳನ್ನು ಕಾಯುತ್ತಿರುವ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಸಂಸ್ಥೆಯವರು, ಗಾಬರಿಯಿಂದ ಕೈಕಾಲು ಬಡಿಯದೆ, ತಲೆಯನ್ನು ಹಿಂದಕ್ಕೆ ಚೆಲ್ಲಿ, ಕಿವಿ ಮುಳುಗಿದರೂ ಲಕ್ಷಿಸದೆ, ಉಸಿರು ಹದಕ್ಕೆ ಬರುವ ತನಕ ಅಂಗಾತ ತೇಲಿಕೊಂಡಿರಿ ಎಂದು ಬೋಧಿಸುತ್ತಾರೆ.

ಬ್ರೈಟನ್ನಿನ ದಂಡೆಯಾದರೂ ಮರಳಿನದಲ್ಲ. ಬೆಣಚುಕಲ್ಲುಗಳ ಕಡಿದಾದ ಇಳಿಜಾರು. ಭರತ ಏರಿದಾಗ ನಾಲ್ಕು ಹೆಜ್ಜೆಯಲ್ಲಿ ಮೊಣಕಾಲಿನ ನೀರು ಎದೆಗೆ ಬರುತ್ತದೆ, ಅಲೆ ದಡದಲ್ಲಿಯೇ ಒಡೆದು ಕಾಲಡಿಯ ಕಲ್ಲುಗಳನ್ನು ಹಿಂದಕ್ಕೆಳೆಯುತ್ತದೆ. ಊಟದ ವಿಷಯದಲ್ಲಿ ಯಾವುದಕ್ಕಾದರೂ ಹೆದರಲೇಬೇಕಾದರೆ ಊಟದೊಡನೆ ಕುಡಿದ ಮದ್ಯಕ್ಕೆ ಹೆದರಲಿ. ಅದು ವಿವೇಕವನ್ನೂ ಕೈಕಾಲಿನ ಹಿಡಿತವನ್ನೂ ಕೂಡಿಯೇ ಕಸಿಯುತ್ತದೆ, ಮತ್ತು ಒಂದು ಗಂಟೆಯ ಗಡುವನ್ನು ಅದು ಮಾನ್ಯ ಮಾಡುವುದಿಲ್ಲ.

ಶಾಸ್ತ್ರದ ಹೆಸರಿನಲ್ಲಿ ಸಮುದ್ರವನ್ನು ಕುರಿತು ಮೌಢ್ಯವನ್ನು ಹಂಚಿದವರಲ್ಲಿ ಪಾಮರರಷ್ಟೇ ಪಂಡಿತರೂ ಇದ್ದಾರೆ. ಬ್ರೈಟನ್ನು ಮೀನುಗಾರರ ಹಳ್ಳಿಯ ಸ್ಥಿತಿಯಿಂದ ವಿಲಾಸಿಗಳ ಪಟ್ಟಣವಾಗಿ ಬೆಳೆದುದರಲ್ಲಿ ದೊಡ್ಡ ಪಾಲು, 1750ರಲ್ಲಿ ಲ್ಯಾಟಿನ್ ಪ್ರಬಂಧವೊಂದನ್ನು ಬರೆದು, ಗ್ರಂಥಿರೋಗಗಳ ನಿವಾರಣೆಗೆ ಸಮುದ್ರದ ನೀರಿನಲ್ಲಿ ಮೀಯುವುದಷ್ಟೇ ಅಲ್ಲದೆ ಅದನ್ನು ಕುಡಿಯುವುದೂ ಹಿತವೆಂದು ವಿಧಿಸಿದ ರಿಚರ್ಡ್ ರಸ್ಸೆಲ್ ಎಂಬ ವೈದ್ಯನದು. ಶ್ರೀಮಂತರು ಗಾಡಿ ಕಟ್ಟಿಕೊಂಡು ಬಂದು, ಮುಖ ಸಿಂಡರಿಸಿಕೊಂಡು, ಉಪ್ಪುನೀರನ್ನು ಕುಡಿದರು. ಹಿಂದೆ ಇಂಥ ವಿಧಿ ಹರಡಲು ಲ್ಯಾಟಿನ್ ಬೇಕಾಗಿತ್ತು. ಈಗ ಕೈಯಲ್ಲೊಂದು ಫೋನಿದ್ದರೆ ಸಾಕು.

ಮನುಷ್ಯನಿಗೆ ಇಂಥ ನಿಯಮಗಳಲ್ಲಿ ಅಷ್ಟೊಂದು ಪ್ರೀತಿಯೇಕೆಂದರೆ, ಅವು ಕಣ್ಣು ತೆರೆಯುವ ಶ್ರಮದಿಂದ ಅವನನ್ನು ಬಿಡುಗಡೆ ಮಾಡುತ್ತವೆ. ಗಾಳಿ ದಡದಿಂದ ಕಡಲಿನತ್ತ ಬೀಸುತ್ತಿದೆಯೇ, ಭರತವೋ ಇಳಿತವೋ, ಕೆಂಪು-ಹಳದಿ ಬಾವುಟಗಳ ನಡುವೆ ಕಾವಲಿದೆಯೇ, ಪ್ರವೇಶವನ್ನು ನಿಷೇಧಿಸುವ ಕೆಂಪು ಬಾವುಟವೇನಾದರೂ ಏರಿದೆಯೇ, ಎಂಬಿವೆಲ್ಲ ದಿನದಿನವೂ ಬದಲಾಗುವ, ನೋಡಿಯೇ ತಿಳಿಯಬೇಕಾದ ಸಂಗತಿಗಳು. ಗಂಟೆಯ ಲೆಕ್ಕವಾದರೋ ಕುಳಿತಲ್ಲೇ ಸಾಗುತ್ತದೆ, ವಿಧಿಯನ್ನು ಪಾಲಿಸಿದ ಪುಣ್ಯವೂ ದಕ್ಕುತ್ತದೆ. ಕಡಲಿಗಿಳಿಯುವವನು ಗಡಿಯಾರವನ್ನು ಚೀಲದೊಳಗಿಟ್ಟು, ದಂಡೆಯ ಮೇಲೆ ಕುಳಿತ ಜೀವರಕ್ಷಕನ ಬಳಿಗೆ ಹೋಗಿ, ಈ ದಿನ ನೀರು ಹೇಗಿದೆಯೆಂದು ಕೇಳಲಿ. ಅವನು ತಾನಾಗಿ ಹಲವನ್ನು ಹೇಳಿಯಾನು; ಮಧ್ಯಾಹ್ನ ಏನುಂಡಿರಿ ಎಂದು ಮಾತ್ರ ಕೇಳಲಾರನು.