ಊಟದ ಕೊಲೆಸ್ಟ್ರಾಲ್ ರಕ್ತಕ್ಕೆ ಸೇರುವುದು ಹೇಗೆ?

ರಕ್ತಪರೀಕ್ಷೆಯ ವರದಿಯಲ್ಲಿ ಕೊಲೆಸ್ಟ್ರಾಲ್ ಹೆಚ್ಚಾಗಿದೆ ಎಂದು ಗೊತ್ತಾದ ಕೂಡಲೇ ನಮ್ಮ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಮೊಟ್ಟೆ ಮತ್ತು ಸಿಗಡಿ. ಆದರೆ ಕೊಬ್ಬಿರುವ ಹಂದಿಮಾಂಸ, ದಪ್ಪ ತೆಂಗಿನ ಹಾಲಿನ ಪದಾರ್ಥ, ಬೇಕರಿ ತಿಂಡಿಗಳು ಎಂದಿನಂತೆ ಮುಂದುವರಿಯುತ್ತವೆ. ಇದು ಸರಿಯೇ? ಊಟದ ನಂತರ ನಮ್ಮ ದೇಹದೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಕೊಲೆಸ್ಟ್ರಾಲ್ ವಿಷವಲ್ಲ. ಜೀವಕೋಶಗಳ ಪೊರೆಗೆ, ಕೆಲವು ಹಾರ್ಮೋನುಗಳಿಗೆ ಅದು ಬೇಕೇ ಬೇಕು. ಅದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಉಳಿದದ್ದು ಮಾಂಸ, ಮೀನು, ಮೊಟ್ಟೆ, ಹಾಲಿನಿಂದ ಬರುತ್ತದೆ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ.

ಕೊಬ್ಬಿನ ಊಟ ಸಣ್ಣ ಕರುಳನ್ನು ತಲುಪಿದಾಗ ಪಿತ್ತಕೋಶ ಸಂಕುಚಿಸಿ ಪಿತ್ತರಸವನ್ನು ಸುರಿಸುತ್ತದೆ. ಎಣ್ಣೆ ಪಾತ್ರೆಗೆ ಸೋಪು ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ನೀರಿನಲ್ಲಿ ಕರಗದ ಕೊಲೆಸ್ಟ್ರಾಲ್ ಅತಿ ಸಣ್ಣ ಕಣಗಳೊಳಗೆ ಸೇರಿ ಕರುಳಿನ ಗೋಡೆಯವರೆಗೆ ಸಾಗುತ್ತದೆ. ಇಲ್ಲೊಂದು ಅಚ್ಚರಿಯ ಸಂಗತಿಯಿದೆ. ಪಿತ್ತರಸದ ಮೂಲಕ ನಮ್ಮದೇ ಯಕೃತ್ತಿನಿಂದ ದಿನಕ್ಕೆ ಸುಮಾರು 1,000 ಮಿಲಿಗ್ರಾಂ ಕೊಲೆಸ್ಟ್ರಾಲ್ ಕರುಳಿಗೆ ಬರುತ್ತದೆ. ಸಾಮಾನ್ಯವಾಗಿ ಇದು ನಾವು ತಿನ್ನುವುದಕ್ಕಿಂತ ಹೆಚ್ಚು!

ಕರುಳಿನ ಜೀವಕೋಶಗಳಲ್ಲಿರುವ ಒಂದು ಪ್ರೋಟೀನ್ ಬಾಗಿಲಿನಂತೆ ಕೊಲೆಸ್ಟ್ರಾಲನ್ನು ಒಳಗೆ ಬಿಡುತ್ತದೆ. 2004ರಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿದರು. ಎಜೆಟಿಮೈಬ್ ಎಂಬ ಮಾತ್ರೆ ಈ ಬಾಗಿಲನ್ನೇ ತಡೆಯುತ್ತದೆ. ಒಳಹೋದದ್ದರಲ್ಲಿ ಸ್ವಲ್ಪ ಭಾಗವನ್ನು ಜೀವಕೋಶಗಳು ಮತ್ತೆ ಹೊರಗೆ ತಳ್ಳುತ್ತವೆ. ಸರಾಸರಿ ಅರ್ಧದಷ್ಟು ಮಾತ್ರ ದೇಹಕ್ಕೆ ಸೇರುತ್ತದೆ. ಈ ಪ್ರಮಾಣ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುತ್ತದೆ.

ಸೇರಿದ ಕೊಲೆಸ್ಟ್ರಾಲ್ ಕೊಬ್ಬಿನೊಂದಿಗೆ ಕೈಲೋಮೈಕ್ರಾನ್ ಎಂಬ ಪೊಟ್ಟಣಗಳಲ್ಲಿ ತುಂಬಿ, ದುಗ್ಧರಸ ನಾಳಗಳ ಮೂಲಕ ಕುತ್ತಿಗೆಯ ಬಳಿ ರಕ್ತಕ್ಕೆ ಇಳಿಯುತ್ತದೆ. ಪೊಟ್ಟಣದ ಕೊಬ್ಬು ದಾರಿಯಲ್ಲಿ ಸ್ನಾಯುಗಳಿಗೆ ಹಂಚಿಹೋಗುತ್ತದೆ. ಕೊಲೆಸ್ಟ್ರಾಲ್ ಉಳಿದ ಪೊಟ್ಟಣ ಯಕೃತ್ತಿಗೆ ಸೇರುತ್ತದೆ. ಆದ್ದರಿಂದಲೇ ಊಟದ ನಂತರ ಕೆಲವು ಗಂಟೆ ರಕ್ತದಲ್ಲಿ ಏರುವುದು ಮುಖ್ಯವಾಗಿ ಟ್ರೈಗ್ಲಿಸರೈಡ್. ಒಟ್ಟು ಕೊಲೆಸ್ಟ್ರಾಲ್ ಅಷ್ಟಾಗಿ ಬದಲಾಗುವುದಿಲ್ಲ.

ಆಹಾರದಿಂದ ಹೆಚ್ಚು ಬಂದಾಗ ಹೆಚ್ಚಿನವರಲ್ಲಿ ಯಕೃತ್ತು ತನ್ನ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಆದರೆ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ, ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ಎಳೆದುಕೊಳ್ಳುವ ಯಕೃತ್ತಿನ ಶಕ್ತಿಯೇ ಕುಗ್ಗುತ್ತದೆ. ಅದು ರಕ್ತದಲ್ಲಿ ಉಳಿದು ರಕ್ತನಾಳಗಳ ಗೋಡೆಯಲ್ಲಿ ಶೇಖರವಾಗುತ್ತದೆ. ಹೃದಯಾಘಾತಕ್ಕೆ ದಾರಿಯಾಗುವುದು ಹೀಗೆ. ತೆಂಗಿನ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲ, ನಿಜ. ಆದರೆ ಅದರ ಕೊಬ್ಬಿನಲ್ಲಿ ಸುಮಾರು ಶೇ. 90 ಸ್ಯಾಚುರೇಟೆಡ್. ಸಿಗಡಿಯಲ್ಲಿ ಕೊಲೆಸ್ಟ್ರಾಲ್ ಇದೆ, ಇಂಥ ಕೊಬ್ಬು ಬಹಳ ಕಡಿಮೆ. ಆದ್ದರಿಂದ ಸಿಗಡಿಗಿಂತ ಅದನ್ನು ಹುರಿಯುವ ಎಣ್ಣೆಯ ಬಗ್ಗೆ ಹೆಚ್ಚು ಎಚ್ಚರ ಬೇಕು.

ಹುರುಳಿ, ಕಡಲೆ ಮುಂತಾದ ಕಾಳುಗಳ, ತರಕಾರಿಗಳ ನಾರು ಕರುಳಿನಲ್ಲಿ ಪಿತ್ತರಸದ ಅಂಶವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸಕ್ಕಾಗಿ ಯಕೃತ್ತು ರಕ್ತದ ಕೊಲೆಸ್ಟ್ರಾಲನ್ನೇ ಬಳಸುತ್ತದೆ.

ಮಧುಮೇಹ ಇರುವವರು, ಮನೆತನದಲ್ಲಿ ಹೃದಯಾಘಾತ ಆದವರಿರುವವರು ಮೊಟ್ಟೆಯ ಲೆಕ್ಕವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಲಿ. ಪಥ್ಯ ಮಾಡುತ್ತಿದ್ದೇನೆಂದು ಮಾತ್ರೆಯನ್ನು ತಾವಾಗಿಯೇ ಯಾರೂ ನಿಲ್ಲಿಸಬಾರದು.